‘ಬೊರುಟೊ’: ಊರಿಗೆ ಊರೇ ತಪ್ಪಾಗಿ ನೆನಪಿಟ್ಟುಕೊಂಡರೆ?

ಮಸಾಶಿ ಕಿಶಿಮೊಟೊ ಅವರ ನಿಂಜಾ ಮಂಗಾ ‘ನರುಟೊ’ 1999ರಿಂದ 2014ರವರೆಗೆ ನಡೆದು 72 ಸಂಪುಟಗಳಾದವು. ನರುಟೊನ ಮಗನ ಕಥೆ ‘ಬೊರುಟೊ’ ಶುರುವಾದದ್ದು 2016ರಲ್ಲಿ. ಚಿತ್ರ ಮಿಕಿಯೊ ಇಕೆಮೊಟೊ ಅವರದು. ಅದರ ಎರಡನೇ ಭಾಗ ‘ಟೂ ಬ್ಲೂ ವೋರ್ಟೆಕ್ಸ್’ 2023ರ ಆಗಸ್ಟ್‌ನಿಂದ ‘ವಿ ಜಂಪ್’ ಮಾಸಪತ್ರಿಕೆಯಲ್ಲಿ ಬರ್ತಿದೆ. ತಿಂಗಳಿಗೆ ಒಂದೇ ಅಧ್ಯಾಯ, ಕಾಯೋದೇ ಒಂದು ಶಿಕ್ಷೆ. ಮೊದಲ ಸಂಪುಟ 2024ರಲ್ಲಿ ಬಂತು.

ಹೊಡೆದಾಟ ಬೇಕಾದಷ್ಟಿದೆ. ನನ್ನನ್ನ ಹಿಡಿದಿಟ್ಟಿದ್ದು ಅದಲ್ಲ. ಏಡಾ ಎಂಬುವಳ ಶಕ್ತಿಯಿಂದ ಜನರ ನೆನಪಿನಲ್ಲಿ ಬೊರುಟೊ ಮತ್ತು ಕವಾಕಿ ಅದಲುಬದಲಾಗ್ತಾರೆ. ಕವಾಕಿಯೇ ನರುಟೊನ ಮಗ, ಬೊರುಟೊ ಅವನನ್ನ ಕೊಂದ ಹೊರಗಿನವನು ಅಂತ ಕೊನೊಹಾ ಊರು ನಂಬುತ್ತೆ. ನಿಜದಲ್ಲಿ ನರುಟೊ ಸತ್ತೇ ಇಲ್ಲ. ಅವನನ್ನ ಬಚ್ಚಿಟ್ಟವನು ಕವಾಕಿ. ಅದೂ ದ್ವೇಷದಿಂದಲ್ಲ, ಕಾಪಾಡಬೇಕು ಅಂತ.

ಬೊರುಟೊನ ಬೆನ್ನುಹತ್ತಿದ ಊರಿನವರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ. ತಮ್ಮ ನೆನಪಿಗೆ ಅವರೆಲ್ಲ ಪ್ರಾಮಾಣಿಕರೇ. ನನಗೆ ಭಯ ಹುಟ್ಟಿಸಿದ್ದು ಇದೇ. ಸುಮಿರೆ, ಸರದಾ ಇಬ್ಬರಿಗೆ ಮಾತ್ರ ಆ ಮಾಯೆ ತಟ್ಟಿಲ್ಲ, ಆದರೆ ತೋರಿಸೋಕೆ ಪುರಾವೆ ಇಲ್ಲ. ಸರದಾಳ ಅಪ್ಪ ಸಸುಕೆಯ ನೆನಪೂ ಕೆಟ್ಟಿದೆ. ಆದರೂ ಅವನು ಅತ್ತು ಬೇಡಿಕೊಂಡ ಮಗಳ ಮಾತಿಗೆ ಬೆಲೆ ಕೊಟ್ಟು, ಅಪರಾಧಿ ಅಂತ ತಾನೇ ನಂಬಿದ್ದ ಹುಡುಗನ ಜೊತೆ ಊರು ಬಿಡ್ತಾನೆ. ಊರಲ್ಲೇ ಉಳಿದ ಎಂಟನೇ ಹೊಕಾಗೆ ಶಿಕಮಾರುಗೂ ನಿಧಾನವಾಗಿ ಅನುಮಾನ ಶುರುವಾಗುತ್ತೆ: ಲೆಕ್ಕ ಎಲ್ಲೋ ತಾಳೆ ಆಗ್ತಿಲ್ಲವಲ್ಲ?