ಗುದ್ದಿನ ಅಮಲು ಎಂಬ ಕಾಯಿಲೆ



ಕೆಲವು ಕಾಯಿಲೆಗಳು ವೈದ್ಯರ ಗ್ರಂಥ ಸೇರುವ ಮೊದಲೇ ಜನರ ಬಾಯಲ್ಲಿ ಹೆಸರು ಪಡೆದಿರುತ್ತವೆ. ಅಮೆರಿಕದಲ್ಲಿ ತಡವರಿಸಿ ನಡೆಯುವ, ಮಾತು ತೊದಲುವ ಹಳೆಯ ಬಾಕ್ಸರುಗಳನ್ನು ‘ಪಂಚ್ ಡ್ರಂಕ್’, ಎಂದರೆ ಗುದ್ದಿನ ಅಮಲೇರಿದವರು, ಎಂದು ಕರೆಯುತ್ತಿದ್ದರು. 1928ರಲ್ಲಿ ನ್ಯೂಜೆರ್ಸಿಯ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಅದೇ ಶೀರ್ಷಿಕೆಯ ಲೇಖನ ಬರೆದು, ತಲೆಗೆ ಬಿದ್ದ ಪೆಟ್ಟುಗಳಿಂದ ಮಿದುಳಿಗಾದ ಹಾನಿಯೇ ಇದರ ಮೂಲವೆಂದು ವಾದಿಸಿದರು. 1973ರಲ್ಲಿ ಇಂಗ್ಲೆಂಡಿನ ಕಾರ್ಸೆಲಿಸ್ ಮತ್ತು ಸಂಗಡಿಗರು 15 ಮಾಜಿ ಬಾಕ್ಸರುಗಳ ಮಿದುಳುಗಳನ್ನು ಪರೀಕ್ಷಿಸಿ ಆ ಹಾನಿಯನ್ನು ವಿವರಿಸಿದರು.

ಆದರೂ ಇದು ಬಾಕ್ಸರುಗಳ ಪಾಡೆಂದೇ ಬಹುಮಂದಿ ಭಾವಿಸಿದ್ದರು. 2002ರಲ್ಲಿ ಆ ಭಾವನೆ ಅಲುಗಾಡಿತು. 1968ರ ಎಫ್.ಎ. ಕಪ್ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದಿದ್ದ ಜೆಫ್ ಆ್ಯಸ್ಟಲ್ 59ರ ವಯಸ್ಸಿನಲ್ಲಿ ನಿಧನರಾದರು. ವರುಷಗಟ್ಟಲೆ ಚೆಂಡನ್ನು ತಲೆಯಿಂದ ಹೊಡೆದದ್ದನ್ನು ಗಮನಿಸಿ, ಮರಣ ವಿಚಾರಣೆಯ ಅಧಿಕಾರಿ ಅದನ್ನು ವೃತ್ತಿಜನ್ಯ ರೋಗದಿಂದಾದ ಸಾವೆಂದು ತೀರ್ಮಾನಿಸಿದರು. ಅದೇ ವರ್ಷ ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ 50ರಲ್ಲೇ ತೀರಿಕೊಂಡರು. ಅವರ ಮಿದುಳಿನಲ್ಲಿ ಶೇಖರವಾಗಿದ್ದ ‘ಟೌ’ ಎಂಬ ಪ್ರೋಟೀನನ್ನು ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಗುರುತಿಸಿ, 2005ರಲ್ಲಿ ಪ್ರಕಟಿಸಿದರು.

ಮಾರ್ಟ್‌ಲ್ಯಾಂಡರ ಲೇಖನಕ್ಕೂ ಈ ಸಾವುಗಳಿಗೂ ನಡುವೆ 74 ವರ್ಷಗಳು! ಪ್ರಜ್ಞೆ ತಪ್ಪಿಸುವ ಒಂದು ಭಾರೀ ಹೊಡೆತವೇ ಬೇಕಿಲ್ಲ. ಚಿಕ್ಕ ಪೆಟ್ಟುಗಳೂ ಮತ್ತೆ ಮತ್ತೆ ಬಿದ್ದರೆ ಸಾಕು. ಲಕ್ಷಣಗಳು ತಲೆದೋರುವುದು ಎಷ್ಟೋ ವರ್ಷಗಳ ನಂತರ. ಖಚಿತ ನಿರ್ಣಯ ಇಂದಿಗೂ ಮರಣಾನಂತರವೇ ಸಾಧ್ಯ.

ನಿಮ್ಮಲ್ಲಿ ಹಲವರು ಇಂದು ತಂದೆತಾಯಿಗಳು, ಕೆಲವರು ಉಪಾಧ್ಯಾಯರು. ತಲೆಗೆ ಪೆಟ್ಟಾದ ಮಗು ‘ಏನೂ ಆಗಿಲ್ಲ, ಆಡುತ್ತೇನೆ’ ಎಂದರೂ ಆ ದಿನ ಮೈದಾನಕ್ಕೆ ಇಳಿಸಬೇಡಿ, ವೈದ್ಯರಿಗೆ ತೋರಿಸಿ. ಪಂದ್ಯ ಮತ್ತೆ ಬರುತ್ತದೆ.