ಕದ್ದಾಲಿಕೆ

ಕದ್ದು + ಆಲಿಕೆ: ಉಕಾರ ಬಿದ್ದು ಕೂಡಿದ ಲೋಪಸಂಧಿ. ಗುಬ್ಬಿ ಕಡೆಯ ಆಡುಮಾತಿನಲ್ಲಿ ‘ಕದ್ದು ಕೇಳೋದು’ ಎಂದರೆ ಬಾಗಿಲ ಸಂದಿಗೆ ಕಿವಿಯಿಟ್ಟು ನಿಲ್ಲುವುದು. ಪತ್ರಿಕೆಗಳು ಅದನ್ನು ದೂರವಾಣಿಗೆ ಹಚ್ಚಿದವು. 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟದ್ದು ಕದ್ದಾಲಿಕೆಯ ಆರೋಪಕ್ಕೇ. 1885ರ ಟೆಲಿಗ್ರಾಫ್ ಕಾಯ್ದೆ ಸರ್ಕಾರಕ್ಕೆ ಕದ್ದಾಲಿಸುವ ಅಧಿಕಾರ ಕೊಟ್ಟಿತ್ತು. ಅದಕ್ಕೆ ಗೃಹ ಕಾರ್ಯದರ್ಶಿಯ ಆದೇಶ ಬೇಕೆಂದು ಸುಪ್ರೀಂ ಕೋರ್ಟ್ ಕಟ್ಟು ಹಾಕಿದ್ದು 1996ರಲ್ಲಿ, ನೂರು ವರ್ಷ ಕಳೆದ ಮೇಲೆ! ಈಗ ತುಮಕೂರಿನ ಮಂಡಿಪೇಟೆಯಿಂದ ಕುಣಿಗಲ್ಲಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಗೂಢಲಿಪಿಯಾಗಿ ಹೋಗುತ್ತದೆ. ನಡುದಾರಿಯಲ್ಲಿ ಹಿಡಿದರೂ ಓದಲಾಗದು. ಆ ಬೀಗಕ್ಕೂ ಸರ್ಕಾರಗಳು ಕೀಲಿ ಕೇಳುತ್ತಿವೆ. ಆದೇಶವಿದ್ದರೆ ಕಾನೂನು ಕದ್ದಾಲಿಕೆಯನ್ನು ಕಳವೆನ್ನದು. ಕನ್ನಡ ಮಾತ್ರ ‘ಕದ್ದು’ ಎಂಬುದನ್ನು ಬಿಟ್ಟಿಲ್ಲ. ಬಿಡಲೂಬಾರದು.