ಲಂಟಾನ ಆನೆಗಳು

ನೀಲಗಿರಿಯ ಗೂಡಲೂರು ಭಾಗದ ಆದಿವಾಸಿ ಕುಶಲಕರ್ಮಿಗಳು ಲಂಟಾನ ಗಿಡದ ಕಡ್ಡಿಗಳಿಂದ ಕಟ್ಟುವ, ನಿಜಗಾತ್ರದ ಆನೆಗಳ ಶಿಲ್ಪ. ಕಾಡನ್ನು ನುಂಗುತ್ತಿರುವ ಕಳೆಯೇ ಇಲ್ಲಿ ಕಚ್ಚಾವಸ್ತು. ಪರಿಸರ ಕಲೆಯೆಂಬ ಹೆಸರಿನಲ್ಲಿ ಬರುವ ಎಷ್ಟೋ ಕೃತಿಗಳಿಗಿಂತ ಇದು ಹೆಚ್ಚು ಪ್ರಾಮಾಣಿಕವಾಗಿ ಕಾಣುವುದು ಅದಕ್ಕಾಗಿಯೇ.

ಲಂಟಾನದ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅದನ್ನು ಅಂದದ ಗಿಡವೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬೇಲಿಗೆ ನೆಟ್ಟದ್ದು ಬೇಲಿ ದಾಟಿತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು. ದೇಶದ ಹುಲಿ ನೆಲೆಗಳ ಶೇ. 40ಕ್ಕೂ ಹೆಚ್ಚು ಭಾಗದಲ್ಲಿ ಅದು ಹಬ್ಬಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಪೊದೆಯ ಅಡಿಯಲ್ಲಿ ಹುಲ್ಲು ಏಳುವುದಿಲ್ಲ, ಎಲೆ ದನಕರುಗಳಿಗೆ ವಿಷ, ಒಣಗಿದ ಪೊದೆಯಿಂದ ಕಾಳ್ಗಿಚ್ಚಿಗೆ ಬಲ. ಮೇವು ಕಳೆದುಕೊಂಡ ಆನೆ ಗದ್ದೆ ತೋಟಗಳತ್ತ ಬರುವುದಕ್ಕೆ ಇದೂ ಒಂದು ಕಾರಣ.

ಈ ಕಡ್ಡಿಗೆ ಕೈಕಸುಬಿನ ದಾರಿ ತೋರಿದ್ದು ನಮ್ಮ ಮಲೆ ಮಹದೇಶ್ವರ ಬೆಟ್ಟ. ಬಿದಿರು ಸಿಗುವುದು ಕಷ್ಟವಾದಾಗ, ಬೆಂಗಳೂರಿನ ಏಟ್ರೀ ಸಂಸ್ಥೆಯ ನೆರವಿನಿಂದ ಅಲ್ಲಿನ ಸೋಲಿಗರು ಲಂಟಾನದಲ್ಲಿ ಕುರ್ಚಿ, ಮೇಜು, ಬುಟ್ಟಿ ಮಾಡತೊಡಗಿದರು. ಕಡ್ಡಿಯನ್ನು ನೀರಲ್ಲಿ ಕುದಿಸಿ ಸಿಪ್ಪೆ ಸುಲಿದರೆ ಅದು ಹೇಳಿದಂತೆ ಬಾಗುತ್ತದೆ.

ಗೂಡಲೂರಿನಲ್ಲಿ ಈ ಕಸುಬು ಆನೆಯ ಆಕಾರ ತಾಳಿತು. ಕಲಾವಿದೆ ಶುಭ್ರಾ ನಾಯರ್ ವಿನ್ಯಾಸ ಮಾಡಿದರು. ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕನ್, ಸೋಲಿಗ ಸಮುದಾಯದವರು ಕಟ್ಟಿದರು. ಮೊದಲು ಕಬ್ಬಿಣದ ಸರಳುಗಳ ಚೌಕಟ್ಟು. ಅದರ ಮೇಲೆ ದಪ್ಪ ಕಡ್ಡಿ, ಕೊನೆಗೆ ತೆಳು ಕಡ್ಡಿಗಳನ್ನು ಒತ್ತೊತ್ತಾಗಿ ಬಾಗಿಸಿ ಮೊಳೆ ಹೊಡೆಯುತ್ತಾರೆ. ಹತ್ತಿರ ಹೋಗಿ ನೋಡಿದರೆ ಕಡ್ಡಿಗಳ ಓಟವೇ ಸೊಂಡಿಲ ಸುಕ್ಕು, ಹೊಟ್ಟೆಯ ಇಳಿತ. ಪ್ರತಿ ಶಿಲ್ಪಕ್ಕೂ ಆ ಸೀಮೆಯಲ್ಲಿ ಓಡಾಡುವ ಒಂದು ಆನೆಯೇ ಮಾದರಿ. ಮನೆ ಹಿಂದೆ ಹಾದುಹೋಗುವ ಆನೆಯ ನಿಲುವು, ನಡೆ ಕಂಡು ಬೆಳೆದವರ ಕೈಗೆ ಅಳತೆಪಟ್ಟಿ ಮೀರಿದ ತಿಳಿವಳಿಕೆ ಇರುತ್ತದೆ. ಈ ಶಿಲ್ಪಗಳ ಜೀವಕಳೆ ಅಲ್ಲಿಂದಲೇ ಬಂದದ್ದು.

ಬ್ರಿಟಿಷ್ ಲೇಖಕ ಮಾರ್ಕ್ ಶ್ಯಾಂಡ್ 2002ರಲ್ಲಿ ಸ್ಥಾಪಿಸಿದ, ಆನೆಗಳ ಸಂರಕ್ಷಣೆಗಾಗಿ ದುಡಿಯುವ ಎಲಿಫೆಂಟ್ ಫ್ಯಾಮಿಲಿ ಸಂಸ್ಥೆಯ ಮೂಲಕ ಈ ಹಿಂಡು 2021ರಲ್ಲಿ ಲಂಡನ್ನಿನ ರಾಜೋದ್ಯಾನಗಳಲ್ಲಿ ನಿಂತಿತು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂತು. ಅದೇ ವರ್ಷದ ಜುಲೈನಲ್ಲಿ 100 ಆನೆಗಳ ಅಮೆರಿಕ ಯಾತ್ರೆ ನ್ಯೂಪೋರ್ಟಿನಿಂದ ಹೊರಟು ನ್ಯೂಯಾರ್ಕ್, ಮಯಾಮಿ ಬೀಚ್ ಮುಂತಾದೆಡೆ ಸಾಗಿತು. ಮಾರಾಟದ ಹಣ ಮನುಷ್ಯ ಮತ್ತು ವನ್ಯಜೀವಿಗಳ ಸಹಬಾಳ್ವೆಯ ಕೆಲಸಗಳಿಗೆ.

ಇಷ್ಟರಿಂದಲೇ ಲಂಟಾನ ನಿರ್ಮೂಲವಾಗದು. ಕಡಿದ ಬುಡ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ನೆಲದಡಿಯ ಬೇರುಬುಡವನ್ನೇ ಕತ್ತರಿಸಿ, ತೆರವಾದ ಜಾಗದಲ್ಲಿ ನಾಡಿನದೇ ಹುಲ್ಲು ಬೆಳೆಸಿ, ಮುಂದಿನ ಕೆಲವು ವರ್ಷ ಹೊಸ ಸಸಿಗಳನ್ನು ಕಿತ್ತುಹಾಕುತ್ತಿರಬೇಕು. ಆ ದುಡಿಮೆಗೂ ಕಾಡಿನ ಜನರೇ ಬೇಕು, ಅವರಿಗೆ ಕೂಲಿಯೂ ಸಿಗಬೇಕು.